ಮಾವಿನಕಾಯಿ ಬುಟ್ಟಾ ಇಟ್ಕೊಂಡು ರೇಖಾಗಣಿತ: ಆಕೃತಿ ಸರಿಸೋದು, ಮಗುಚೋದು, ತಿರುಗಿಸೋದು, ಹಿಗ್ಗಿಸೋದು

ಸಂಜೆ ಹೊತ್ತು ನಮ್ಮನೆಗೆ ಪಾಠಕ್ಕೆ ಬರೋ ಮಕ್ಕಳಲ್ಲಿ ಒಂದು ವಿಷಯ ಮತ್ತೆ ಮತ್ತೆ ನೋಡ್ತಿರ್ತೀನಿ. ಈ ತ್ರಿಭುಜನ 90 ಡಿಗ್ರಿ ತಿರುಗಿಸಪ್ಪ ಅಂದ್ರೆ ತಕ್ಷಣ ಸೂತ್ರ ಹುಡುಕ್ತಾರೆ, ಎಕ್ಸ್ ವೈ ಅದಲುಬದಲು ಮಾಡ್ಬೇಕು ಅನ್ನೋದು ನೆನಪಿರತ್ತೆ, ಮೈನಸ್ ಯಾವುದಕ್ಕೆ ಅನ್ನೋದು ಮರ್ತಿರತ್ತೆ, ಕೊನೆಗೆ ಯಾವುದೋ ಒಂದಕ್ಕೆ ಹಾಕಿ "ಸರೀನಾ ಮಿಸ್" ಅಂತ ನನ್ನ ಮುಖ ನೋಡ್ತಾರೆ. ಉತ್ತರ ಸರಿ ಇದ್ರೂ ಅದು ಯಾಕೆ ಸರಿ ಅಂತ ಮಗುಗೆ ತಾನೇ ಹೇಳೋಕೆ ಆಗಲ್ಲ, ನನಗೆ ಬೇಜಾರಾಗೋದು ಅದಕ್ಕೆ. ಹಾಗಾಗಿ ನಾನು ಈ ಪಾಠನ ಸೂತ್ರದಿಂದ ಶುರು ಮಾಡೋದು ಬಿಟ್ಟು ಎಷ್ಟೋ ಕಾಲ ಆಯ್ತು. ಒಂದು ಮಾವಿನಕಾಯಿ ಚಿತ್ರ, ಒಂದು ಬಟರ್ ಪೇಪರ್, ಒಂದು ಗುಂಡುಪಿನ್ನು, ಇಷ್ಟರಿಂದ ಶುರು ಮಾಡ್ತೀನಿ. ಮನೇಲಿ ಮಕ್ಕಳಿಗೆ ಹೇಳ್ಕೊಡೋರು, ಅಥವಾ ಈಗ ಮತ್ತೆ ಕಲೀಬೇಕು ಅಂತಿರೋರು, ಇದೇ ಕ್ರಮದಲ್ಲಿ ಮಾಡಿ ನೋಡಿ. ಒಂದು ಭಾನುವಾರ ಸಾಕು.

ಶುರು ಮಾಡೋಕೆ ಮುಂಚೆ ಒಂದೇ ಒಂದು ಪ್ರಶ್ನೆ ಮನಸ್ಸಲ್ಲಿ ಇಟ್ಕೊಳ್ಳಿ: ಯಾವುದು ಅಲ್ಲಾಡ್ಲಿಲ್ಲ? ಆಕೃತಿನ ಏನೇ ಮಾಡಿದ್ರೂ ಏನೋ ಒಂದು ಹಾಗೇ ಉಳ್ಕೊಂಡಿರತ್ತೆ, ಒಂದು ಬಿಂದು, ಒಂದು ಗೆರೆ, ಒಂದು ದಿಕ್ಕು, ಒಂದು ಕೋನ. ಅದನ್ನ ಹಿಡ್ಕೊಂಡ್ರೆ ಮಿಕ್ಕಿದ್ದೆಲ್ಲ ತಾನಾಗೇ ಬರತ್ತೆ. ಕೆಳಗಿರೋ ಪ್ರತಿ ಹೆಜ್ಜೆಲೂ ಈ ಪ್ರಶ್ನೆನ ಮಕ್ಕಳಿಗೆ ಕೇಳ್ತಾ ಇರಿ.

ಬೇಕಾಗೋ ಸಾಮಾನು

ಗ್ರಾಫ್ ಶೀಟ್ ಎರಡು ಮೂರು, ಪೆನ್ಸಿಲ್, ಸ್ಕೇಲು, ಕೋನಮಾಪಕ, ಕೆಳಗೆ ಇಡೋಕೆ ಹಳೇ ಥರ್ಮಾಕೋಲ್ ತುಂಡು, ಗುಂಡುಪಿನ್ನು, ಬಟರ್ ಪೇಪರ್. ಬಟರ್ ಪೇಪರ್ ಇಲ್ಲ ಅಂದ್ರೆ ಅಂಗಡಿಗೆ ಓಡ್ಬೇಡಿ, ನೋಟ್‌ಬುಕ್ಕಿನ ಬಿಳಿ ಹಾಳೆಗೆ ಹತ್ತೀಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ, ಒಣ ಬಟ್ಟೇಲಿ ಚೆನ್ನಾಗಿ ಒರೆಸಿ ಹತ್ತು ನಿಮಿಷ ಬಿಟ್ರೆ ಹಿಂದಿನ ಗೆರೆ ಕಾಣೋ ಅಷ್ಟು ಪಾರದರ್ಶಕ ಆಗತ್ತೆ. ಸಣ್ಣದೊಂದು ಚೌಕಟ್ಟಿಲ್ಲದ ಕನ್ನಡಿ ಇದ್ರೆ ಒಳ್ಳೇದು.

ಗ್ರಾಫ್ ಶೀಟ್ ಮೇಲೆ ಸೀರೆ ಸೆರಗಲ್ಲಿ ಬರತ್ತಲ್ಲ ಆ ಥರ ಒಂದು ಮಾವಿನಕಾಯಿ ಬರೀರಿ. ಕೆಳಗೆ ದಪ್ಪಗೆ ಗುಂಡಗೆ, ಮೇಲೆ ತುದಿ ಬಲಕ್ಕೆ ಬಾಗಿರ್ಲಿ. ಯಾಕೆ ಮಾವಿನಕಾಯೇ ಅಂದ್ರೆ, ಚೌಕನೋ ವೃತ್ತನೋ ತಗೊಂಡ್ರೆ ತಿರುಗಿಸಿದ್ರೂ ಮಗುಚಿದ್ರೂ ಒಂದೇ ಥರ ಕಾಣತ್ತೆ, ಏನು ಮಾಡಿದ್ವಿ ಅಂತಾನೇ ಗೊತ್ತಾಗಲ್ಲ. ಮಾವಿನಕಾಯಿ ಹಾಗಲ್ಲ, ತುದಿ ಯಾವ ಕಡೆ ಬಾಗಿದೆ ಅನ್ನೋದು ಎಲ್ಲಾನೂ ಹೇಳ್ಬಿಡತ್ತೆ. ಮೇಲೆ ಬಟರ್ ಪೇಪರ್ ಇಟ್ಟು ಅದನ್ನೇ ಅದರ ಮೇಲೂ ತಿದ್ಕೊಳ್ಳಿ.

ಮೊದ್ಲನೇದು, ಸರಿಸೋದು

ಬಟರ್ ಪೇಪರನ್ನ ಬಲಕ್ಕೆ 5 ಮನೆ, ಮೇಲಕ್ಕೆ 2 ಮನೆ ತಳ್ಳಿ. ಅಷ್ಟೇ, ಇದಕ್ಕೇ ಟ್ರಾನ್ಸ್‌ಲೇಷನ್ ಅನ್ನೋದು. ತಳ್ಳೋವಾಗ ಪೇಪರ್ ಓರೆ ಆಗ್ಬಾರ್ದು, ಅದಕ್ಕೆ ಮೊದ್ಲೇ ಎರಡೂ ಹಾಳೆ ಮೇಲೆ ಒಂದೊಂದು ಅಡ್ಡಗೆರೆ ಹಾಕ್ಕೊಂಡಿರಿ, ಸರಿಸಿದ ಮೇಲೂ ಆ ಗೆರೆಗಳು ಒಂದಕ್ಕೊಂದು ಸಮಾಂತರ ಇರ್ಬೇಕು.

ಈಗ ಹಳೇ ತುದಿಯಿಂದ ಹೊಸ ತುದಿಗೆ ಒಂದು ಗೆರೆ, ಹಳೇ ಬುಡದಿಂದ ಹೊಸ ಬುಡಕ್ಕೆ ಒಂದು ಗೆರೆ ಎಳೀರಿ. ಎರಡೂ ಒಂದೇ ಉದ್ದ, ಒಂದೇ ದಿಕ್ಕು. ಇಲ್ಲಿ ಯಾವುದು ಅಲ್ಲಾಡ್ಲಿಲ್ಲ? ಬಿಂದು ಅಂತ ನೋಡಿದ್ರೆ ಒಂದೂ ಇದ್ದ ಜಾಗದಲ್ಲಿಲ್ಲ, ಆದ್ರೆ ಮಾವಿನಕಾಯಿ ಮುಖ ಮಾಡಿದ್ದ ದಿಕ್ಕು ಹಾಗೇ ಇದೆ.

ಮಕ್ಕಳು ಇಲ್ಲಿ ಮಾಡೋ ತಪ್ಪು ಒಂದೇ. ಬಲಕ್ಕೆ 5 ಮನೆ ಅಂದ್ರೆ ಹಳೇ ಚಿತ್ರದ ಬಲ ಅಂಚಿಗೂ ಹೊಸ ಚಿತ್ರದ ಎಡ ಅಂಚಿಗೂ ನಡುವೆ 5 ಮನೆ ಖಾಲಿ ಬಿಡ್ತಾರೆ. ಹಾಗಲ್ಲ. ತುದಿಯಿಂದ ತುದಿಗೆ, ಬುಡದಿಂದ ಬುಡಕ್ಕೆ ಎಣಿಸ್ಬೇಕು, ಅಂದ್ರೆ ಅದದೇ ಬಿಂದುವಿಗೆ. ಎರಡು ಚಿತ್ರ ಒಂದರ ಮೇಲೊಂದು ಸ್ವಲ್ಪ ಬಿದ್ರೂ ಪರವಾಗಿಲ್ಲ ಅಂತ ಹೇಳಿ, ಆ ಭಯಕ್ಕೇ ಎಷ್ಟೋ ಮಕ್ಕಳು ದೂರ ಇಡ್ತಾರೆ.

ಧಾರವಾಡದ ಕಡೆ ಕಸೂತಿ ಹಾಕೋರನ್ನ ನೋಡಿದ್ರೆ ಇದು ಇನ್ನೂ ಚೆನ್ನಾಗಿ ಗೊತ್ತಾಗತ್ತೆ. ಅವ್ರು ಬಟ್ಟೆ ಮೇಲೆ ಪೆನ್ಸಿಲಲ್ಲಿ ಬರ್ಕೊಳ್ಳಲ್ಲ, ಎಳೆ ಎಣಿಸ್ಕೊಂಡೇ ಗವಂತಿ ಮುರ್ಗಿ ಹೊಲಿಗೆ ಹಾಕ್ತಾ ಹೋಗ್ತಾರೆ, ಒಂದು ಗೋಪುರ ಆದ ಮೇಲೆ ಇಷ್ಟು ಎಳೆ ಬಿಟ್ಟು ಇನ್ನೊಂದು ಗೋಪುರ. ಬಟ್ಟೆಯೇ ಅವ್ರ ಗ್ರಾಫ್ ಶೀಟು.

ಎರಡ್ನೇದು, ಮಗುಚೋದು

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಮಿಕ್ಕ ಮೂರಕ್ಕಿಂತ ಇದು ಬೇರೆ ಜಾತಿ.

ಗ್ರಾಫ್ ಶೀಟ್ ಮೇಲೆ ಮಾವಿನಕಾಯಿ ಪಕ್ಕದಲ್ಲಿ ಒಂದು ನೆಟ್ಟಗಿರೋ ಗೆರೆ ಎಳೀರಿ, ಇದು ಕನ್ನಡಿ ಗೆರೆ. ಅದೇ ಗೆರೆನ ಬಟರ್ ಪೇಪರ್ ಮೇಲೂ ತಿದ್ದಿ. ಈಗ ಬಟರ್ ಪೇಪರನ್ನ ಎತ್ತಿ, ದೋಸೆ ಮಗುಚೋ ಹಾಗೆ ಮಗುಚಿ, ಗೆರೆ ಮೇಲೆ ಗೆರೆ ಸರಿಯಾಗಿ ಕೂರೋ ಹಾಗೆ ಇಡಿ. ಬಲಕ್ಕೆ ಬಾಗಿದ್ದ ತುದಿ ಈಗ ಎಡಕ್ಕೆ ಬಾಗಿರತ್ತೆ. ಗೆರೆ ಮೇಲೆ ಕನ್ನಡಿ ನೆಟ್ಟಗೆ ನಿಲ್ಲಿಸಿ ನೋಡಿ, ಕನ್ನಡಿ ಒಳಗೆ ಕಾಣೋದೂ ಅದೇ.

ಯಾವುದು ಅಲ್ಲಾಡ್ಲಿಲ್ಲ? ಕನ್ನಡಿ ಗೆರೆ ಮೇಲಿರೋ ಬಿಂದುಗಳು. ಮಿಕ್ಕ ಪ್ರತಿ ಬಿಂದುನೂ ಗೆರೆಗೆ ಲಂಬವಾಗಿ ಹೋಗಿ, ಈ ಕಡೆ ಎಷ್ಟು ದೂರ ಇತ್ತೋ ಆ ಕಡೆ ಅಷ್ಟೇ ದೂರದಲ್ಲಿ ಕೂರತ್ತೆ. ಲಂಬವಾಗಿ ಅನ್ನೋ ಮಾತು ಮುಖ್ಯ, ಕನ್ನಡಿ ಗೆರೆ ಓರೆ ಇದ್ದಾಗ ಎಲ್ಲರೂ ಎಡವೋದು ಅಲ್ಲೇ. ಗೆರೆ ಓರೆ ಇದ್ರೂ ಮಕ್ಕಳು ಅಡ್ಡಕ್ಕೇ ಮನೆ ಎಣಿಸ್ಕೊಂಡು ಹೋಗ್ತಾರೆ, ಉತ್ತರ ಎಲ್ಲೋ ಹೋಗತ್ತೆ. ಡೌಟ್ ಬಂದಾಗ ಗೆರೆ ಮೇಲೆ ಹಾಳೆನೇ ಮಡಚಿಬಿಡಿ, ಬಿಂದು ಎಲ್ಲಿ ಬೀಳತ್ತೋ ಅದೇ ಉತ್ತರ.

ನಾನು ಹೊಲಿಗೆ ಕಲಿಯೋ ಕಾಲದಲ್ಲಿ ಆಗಿದ್ದನ್ನ ಇಲ್ಲಿ ಹೇಳ್ಬೇಕು. ಅಕ್ಕಂದು ಒಂದು ಪ್ರಿಂಟ್ ಇರೋ ಬ್ಲೌಸ್ ಪೀಸ್, ತೋಳು ಕತ್ತರಿಸ್ಬೇಕಿತ್ತು. ತೋಳಿನ ಕಂಕುಳ ಕಡೆ ಮುಂಭಾಗನ ಸ್ವಲ್ಪ ಜಾಸ್ತಿ ಒಳಕ್ಕೆ ತೆಗೀತಾರೆ, ಹಿಂಭಾಗ ಕಮ್ಮಿ, ಹಾಗಾಗಿ ತೋಳಿಗೂ ಎಡ ಬಲ ಅಂತ ಇರತ್ತೆ. ಬಟ್ಟೆ ಕಮ್ಮಿ ಇತ್ತು ಅಂತ ಮಡಚದೆ, ಪೇಪರ್ ಕಟಿಂಗ್ ಇಟ್ಟು ಒಂದು ತೋಳು ಕತ್ತರಿಸಿದೆ, ಅದನ್ನೇ ಪಕ್ಕಕ್ಕೆ ಸರಿಸಿ ಇನ್ನೊಂದು ಕತ್ತರಿಸಿದೆ. ಹೊಲೀವಾಗ ನೋಡಿದ್ರೆ ಎರಡೂ ಎಡಗೈ. ಎಷ್ಟು ತಿರುಗಿಸಿ ಇಟ್ರೂ ಬಲಗೈ ಆಗಲ್ಲ, ಮಗುಚಿದ್ರೆ ಬಟ್ಟೆಯ ಉಲ್ಟಾ ಬದಿ ಮೇಲೆ ಬರತ್ತೆ. ಆ ತುಂಡು ಕೈಲಿಟ್ಕೊಂಡು ಕೂತಾಗ ಸರಿಸೋದಕ್ಕೂ ಮಗುಚೋದಕ್ಕೂ ಇರೋ ವ್ಯತ್ಯಾಸ ನನಗೆ ಗೊತ್ತಾದಷ್ಟು ಯಾವ ಪಾಠದಲ್ಲೂ ಗೊತ್ತಾಗಿರ್ಲಿಲ್ಲ. ಟೈಲರ್‌ಗಳು ಬಟ್ಟೆನ ಸೀದಾ ಬದಿ ಒಳಕ್ಕೆ ಮಾಡಿ ಮಡಚಿ ಎರಡೂ ತೋಳು ಒಟ್ಟಿಗೆ ಕತ್ತರಿಸೋದು ಅದಕ್ಕೇ, ಮಡಿಕೆ ಗೆರೆಯೇ ಅಲ್ಲಿ ಕನ್ನಡಿ.

ಮೊಬೈಲಲ್ಲಿ ಮ್ಯಾಪ್ ಓಪನ್ ಮಾಡಿ ನೋಡಿ. ಒಂದು ಬೆರಳಲ್ಲಿ ಎಳೆದ್ರೆ ಸರಿಯತ್ತೆ, ಎರಡು ಬೆರಳಲ್ಲಿ ತಿರುಗಿಸ್ಬಹುದು, ಹಿಗ್ಗಿಸ್ಬಹುದು, ಆದ್ರೆ ಎಷ್ಟು ಎಳೆದಾಡಿದ್ರೂ ಮ್ಯಾಪ್ ಕನ್ನಡಿ ಥರ ಉಲ್ಟಾ ಆಗಲ್ಲ. ಹಾಗೇನಾದ್ರೂ ಉಲ್ಟಾ ಆಗಿದ್ರೆ ಎಡ ತಿರುವು ಬಲ ಆಗ್ಬಿಡತ್ತೆ, ಊರಿಗೆ ಹೋಗೋರು ಇನ್ನೆಲ್ಲಿಗೋ ಹೋಗ್ತಾರೆ. ಮೇಜಿನ ಮೇಲೆ ಜಾರಿಸ್ತಾ ಜಾರಿಸ್ತಾ ಮಾಡೋಕಾಗದೇ ಇರೋದು ಮಗುಚೋದು ಒಂದೇ, ಅದಕ್ಕೆ ಹಾಳೆನ ಮೇಜಿಂದ ಎತ್ತಲೇಬೇಕು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಆಗದೇ ಇರೋದೂ ಇದೇ ವಿಷಯ. ಆಂಬುಲೆನ್ಸ್ ಮುಂದೆ ಅಕ್ಷರ ಉಲ್ಟಾ ಬರೆದಿರ್ತಾರಲ್ಲ, ಅದು ಮುಂದಿರೋ ಗಾಡಿಯವ್ರ ಕನ್ನಡೀಲಿ ಇನ್ನೊಂದು ಸಲ ಮಗುಚಿ ಸೀದಾ ಕಾಣ್ಲಿ ಅಂತ, ಅಂದ್ರೆ ಎರಡು ಸಲ ಮಗುಚಿದ್ರೆ ಎಡ ಬಲ ಮತ್ತೆ ಸರಿ ಹೋಗತ್ತೆ.

ಇನ್ನೊಂದು ಪರೀಕ್ಷೆ: ಆಯತದ ಕರ್ಣ ಕನ್ನಡಿ ಗೆರೆನಾ? ಹೌದು ಅಂತ ಹತ್ತರಲ್ಲಿ ಎಂಟು ಮಕ್ಕಳು ಹೇಳ್ತಾರೆ, ಯಾಕಂದ್ರೆ ಎರಡು ಭಾಗನೂ ಸಮ ಇದೆ. ಒಂದು ಹಾಳೆ ಕೊಟ್ಟು ಮೂಲೆಯಿಂದ ಮೂಲೆಗೆ ಮಡಚೋಕೆ ಹೇಳಿ, ಅಂಚುಗಳು ಹೊರಗೆ ಚಾಚ್ಕೊಂಡಿರೋದು ಅವ್ರೇ ನೋಡ್ತಾರೆ. ಎರಡು ಭಾಗ ಸಮ ಇದ್ರೆ ಸಾಲದು, ಒಂದರ ಮೇಲೊಂದು ಮಡಚಿ ಕೂರ್ಬೇಕು.

ಮೂರ್ನೇದು, ತಿರುಗಿಸೋದು

ಥರ್ಮಾಕೋಲ್ ಮೇಲೆ ಗ್ರಾಫ್ ಶೀಟ್, ಅದರ ಮೇಲೆ ಬಟರ್ ಪೇಪರ್, ಎರಡನ್ನೂ ಸೇರಿಸಿ ಮಾವಿನಕಾಯಿ ಬುಡದಲ್ಲಿ ಗುಂಡುಪಿನ್ನು ಚುಚ್ಚಿ. ಈಗ ಬಟರ್ ಪೇಪರ್ 90 ಡಿಗ್ರಿ ತಿರುಗಿಸಿ. ಅಲ್ಲಾಡದೇ ಇರೋದು ಪಿನ್ನು ಚುಚ್ಚಿರೋ ಒಂದೇ ಒಂದು ಬಿಂದು. ಅದೇ ಕೇಂದ್ರ.

ಪಿನ್ನನ್ನ ಈಗ ತುದೀಲಿ ಚುಚ್ಚಿ 90 ಡಿಗ್ರಿ ತಿರುಗಿಸಿ, ಆಮೇಲೆ ಚಿತ್ರದ ಹೊರಗೆ ಎಲ್ಲೋ ದೂರದಲ್ಲಿ ಚುಚ್ಚಿ 90 ಡಿಗ್ರಿ ತಿರುಗಿಸಿ. ಮೂರು ಸಲನೂ ಮಾವಿನಕಾಯಿ ಒಂದೇ ಓರೇಲಿ ನಿಂತಿರತ್ತೆ, ಜಾಗ ಮಾತ್ರ ಬೇರೆ ಬೇರೆ. ಇದನ್ನ ಮಕ್ಕಳು ಕೈಯಾರೆ ಮಾಡ್ಲೇಬೇಕು, ಇಲ್ಲಾಂದ್ರೆ ತಿರುಗಿಸೋದು ಅಂದ್ರೆ ಇದ್ದಲ್ಲೇ ಗಿರ್ ಅನ್ನೋದು ಅಂತ ತಲೇಲಿ ಕೂತ್ಬಿಡತ್ತೆ. ಹಾಗಾಗಿ "90 ಡಿಗ್ರಿ ತಿರುಗಿಸು" ಅನ್ನೋದು ಅರ್ಧ ಮಾತು, ಯಾವ ಬಿಂದು ಸುತ್ತ, ಎಷ್ಟು, ಯಾವ ಕಡೆಗೆ, ಮೂರೂ ಹೇಳಿದ್ರೇನೇ ಪೂರ್ತಿ.

ಯಾವ ಕಡೆಗೆ ಅನ್ನೋದಕ್ಕೆ ನಮ್ಮ ಭಾಷೇಲಿ ಒಳ್ಳೇ ಮಾತಿದೆ. ದೇವಸ್ಥಾನದಲ್ಲಿ ಸುತ್ತು ಹಾಕೋದು ಪ್ರದಕ್ಷಿಣೆ, ಗಡಿಯಾರದ ಮುಳ್ಳೂ ಆ ಕಡೆಗೇ ಹೋಗತ್ತೆ. ಗಣಿತದಲ್ಲಿ ಬರೀ 90 ಡಿಗ್ರಿ ಅಂತ ಕೊಟ್ಟಿದ್ರೆ ಅದು ಅಪ್ರದಕ್ಷಿಣ, ಅಂದ್ರೆ ಗಡಿಯಾರಕ್ಕೆ ಉಲ್ಟಾ. ಪ್ರದಕ್ಷಿಣ ಬೇಕು ಅಂದ್ರೆ ಮೈನಸ್ 90.

ಈಗ ರಂಗೋಲಿಗೆ ಬನ್ನಿ. 7 ರಿಂದ 1 ನೇರ ಚುಕ್ಕಿ ಇಟ್ರೆ ಸಾಲುಗಳು 1, 3, 5, 7, 5, 3, 1, ಒಟ್ಟು 25 ಚುಕ್ಕಿ, ಆಕಾರ ವಜ್ರದ ಥರ, ಇದನ್ನ ನಡು ಚುಕ್ಕಿ ಸುತ್ತ 90 ಡಿಗ್ರಿ ತಿರುಗಿಸಿದ್ರೆ ಚುಕ್ಕಿ ಮೇಲೆ ಚುಕ್ಕಿ ಕೂರತ್ತೆ. 7 ರಿಂದ 4 ಸಂದು ಚುಕ್ಕಿ ಇಟ್ರೆ 4, 5, 6, 7, 6, 5, 4, ಒಟ್ಟು 37, ಷಡ್ಭುಜ, ಇದು 60 ಡಿಗ್ರಿಗೇ ಕೂರತ್ತೆ, ಚುಕ್ಕಿ ಅಂತರ ಎಲ್ಲಾ ಕಡೆ ಸಮ ಇರ್ಬೇಕು ಅಷ್ಟೇ. ನೇರ ಚುಕ್ಕಿ ರಂಗೋಲಿಲಿ ನಾಲ್ಕು ದಳದ ಹೂವು ಸಲೀಸಾಗಿ ಬರತ್ತೆ, ಸಂದು ಚುಕ್ಕಿಲಿ ಆರು ದಳ, ಕಾರಣ ಇದೇ. ಒಂದು ದಳ ಬರೆದ್ರೆ ಮಿಕ್ಕಿದ್ದು ಅದನ್ನೇ ತಿರುಗಿಸಿದ್ದು.

ರಟ್ಟಲ್ಲಿ ಒಂದು ಚೌಕ ಕತ್ತರಿಸ್ಕೊಂಡು ನಡುವಲ್ಲಿ ಪಿನ್ನು ಚುಚ್ಚಿ, ಸುತ್ತ ಪೆನ್ಸಿಲ್ ಆಡಿಸಿ. 22.5 ಡಿಗ್ರಿ ತಿರುಗಿಸಿ ಮತ್ತೆ ಬರೀರಿ, ಇನ್ನೂ ಎರಡು ಸಲ ಹಾಗೇ ಮಾಡಿ, ಒಟ್ಟು ನಾಲ್ಕು ಚೌಕ. ಹೊರಗಿನ ಗೆರೆ ಮಾತ್ರ ಉಳಿಸ್ಕೊಂಡು ಒಳಗಿಂದು ಅಳಿಸಿದ್ರೆ 16 ಮೂಲೆ ನಕ್ಷತ್ರ. ಸೋಮನಾಥಪುರದ ಕೇಶವ ದೇವಸ್ಥಾನದ ಗರ್ಭಗುಡಿಗಳ ತಳವಿನ್ಯಾಸ ಇಂಥ 16 ಮೂಲೆ ನಕ್ಷತ್ರ. ಅದೇ ಚೌಕನ 15 ಡಿಗ್ರಿ 15 ಡಿಗ್ರಿ ತಿರುಗಿಸ್ತಾ ಆರು ಚೌಕ ಬರೆದ್ರೆ 24 ಮೂಲೆ, ಗದಗ ಜಿಲ್ಲೆ ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋದ್ರೆ ಆ 24 ಮೂಲೆನ ಕಲ್ಲಲ್ಲಿ ನೋಡ್ಬಹುದು, ಗೋಡೆ ಹತ್ರ ನಿಂತ್ರೆ ಬರೀ ಏಣುಗಳೇ ಕಾಣತ್ತೆ, ಹೆಚ್ಚೂಕಮ್ಮಿ ದುಂಡಗೇ ಅನ್ಸತ್ತೆ. ಏಳನೇ ಚೌಕ ಬರೆಯೋಕೆ ಹೋದ್ರೆ ಅದು ಮೊದಲ್ನೇದರ ಮೇಲೇ ಬೀಳತ್ತೆ, ಯಾಕಂದ್ರೆ ಚೌಕ 90 ಡಿಗ್ರಿಗೆ ತನ್ನ ಮೇಲೆ ತಾನೇ ಕೂರೋ ಆಕೃತಿ. ಇದನ್ನ ಮಗು ತಾನೇ ಕಂಡು "ಮಿಸ್ ಮತ್ತೆ ಅಲ್ಲೇ ಬಂತು" ಅಂದಾಗ ಆ ಮುಖ ನೋಡ್ಬೇಕು.

ನಾಲ್ಕ್ನೇದು, ಹಿಗ್ಗಿಸೋದು ಕುಗ್ಗಿಸೋದು

ಇದಕ್ಕೆ ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡ್ ತಗೊಂಡು ಒಂದಕ್ಕೊಂದು ಗಂಟು ಹಾಕಿ. ಒಂದು ತುದಿನ ಪಿನ್ನಿಗೆ ಸಿಕ್ಕಿಸಿ, ಇನ್ನೊಂದು ತುದೀಲಿ ಪೆನ್ಸಿಲ್ ಇಟ್ಟು ಎಳೀರಿ. ಪೆನ್ಸಿಲ್ ಕಡೆ ನೋಡ್ಬೇಡಿ, ನಡುವಿನ ಗಂಟು ಮಾವಿನಕಾಯಿ ಗೆರೆ ಮೇಲೇ ಹೋಗೋ ಹಾಗೆ ನೋಡ್ಕೊಳ್ತಾ ಪೆನ್ಸಿಲ್ ಆಡಿಸಿ. ಸ್ವಲ್ಪ ಗೀಚುಗೀಚಾಗಿ ಬಂದ್ರೂ ಎರಡು ಪಟ್ಟು ದೊಡ್ಡ ಮಾವಿನಕಾಯಿ ಸಿಗತ್ತೆ. ಪಿನ್ನಿಂದ ಗಂಟಿಗೆ ಎಷ್ಟು ದೂರವೋ ಪೆನ್ಸಿಲ್ಲಿಗೆ ಅದರ ಎರಡರಷ್ಟು, ಪ್ರತಿ ಬಿಂದುಗೂ ಹಾಗೇ, ಡೈಲೇಷನ್ ಅಂದ್ರೆ ಇದಿಷ್ಟೇ.

ಅಲ್ಲಾಡದೇ ಇದ್ದಿದ್ದು ಪಿನ್ನಿನ ಬಿಂದು, ಜೊತೆಗೆ ಎಲ್ಲಾ ಕೋನಗಳೂ. ಉದ್ದ ಮಾತ್ರ ಬದಲಾಯ್ತು. ಅದಕ್ಕೇ ಮೊದಲ ಮೂರರಲ್ಲಿ ಬರೋ ಆಕೃತಿ ಮೂಲಕ್ಕೆ ಸರ್ವಸಮ, ಇದರಲ್ಲಿ ಬರೋದು ಸಮರೂಪ.

ಉದ್ದ ಎರಡರಷ್ಟಾದ್ರೆ ವಿಸ್ತೀರ್ಣ ನಾಲ್ಕರಷ್ಟು. ಇದನ್ನ ಬಾಯಲ್ಲಿ ಹೇಳಿದ್ರೆ ಮಕ್ಕಳು ನಂಬಲ್ಲ. ಚುಕ್ಕಿ ಅಂತರ 2 ಇಂಚಿಂದ 4 ಇಂಚು ಮಾಡಿ ಅದೇ ರಂಗೋಲಿ ಹಾಕಿದ್ರೆ ಗೆರೆಗೆ ಪುಡಿ ಎರಡು ಪಟ್ಟು ಸಾಕು, ಒಳಗೆ ಬಣ್ಣ ತುಂಬೋಕೆ ನಾಲ್ಕು ಪಟ್ಟು ಬೇಕು. ಅಡುಗೆಮನೇಲಿ ಅಂದ್ರೆ, ಅದೇ ದಪ್ಪದ ರೊಟ್ಟಿನ ಎರಡರಷ್ಟು ಅಗಲ ಮಾಡ್ಬೇಕಾದ್ರೆ ನಾಲ್ಕು ಉಂಡೆ ಹಿಟ್ಟು. ಹಬ್ಬದ ಹಿಂದಿನ ದಿನ ಬಣ್ಣ ಸಾಲದೆ ಬಂದು ಅಂಗಡಿಗೆ ಓಡಿರೋರಿಗೆ ಇದು ಚೆನ್ನಾಗಿ ಗೊತ್ತಿರತ್ತೆ.

ಈಗ ಅಂಕಿಗೆ ಬರೋಣ

ಕೈಗೆ ಬಂದ್ಮೇಲೆ ಮಾತ್ರ ಅಂಕಿ. ಗ್ರಾಫಲ್ಲಿ ಒಂದು ತ್ರಿಭುಜ: ಎ (1, 1), ಬಿ (4, 1), ಸಿ (1, 3). ಒಂದು ಬಾಹು 3, ಇನ್ನೊಂದು 2, ಲಂಬಕೋನ ತ್ರಿಭುಜ, ವಿಸ್ತೀರ್ಣ 3.

ಸರಿಸೋದು ಸುಲಭ, ಬಲಕ್ಕೆ 5 ಮೇಲಕ್ಕೆ 2 ಅಂದ್ರೆ ಎಲ್ಲಾ ಎಕ್ಸ್‌ಗೂ 5, ಎಲ್ಲಾ ವೈಗೂ 2 ಕೂಡಿಸಿ. (6, 3), (9, 3), (6, 5).

ಮಗುಚೋದರಲ್ಲಿ ಕನ್ನಡಿ ಗೆರೆ ವೈ ಅಕ್ಷ ಆದ್ರೆ ಎಕ್ಸ್‌ನ ಚಿಹ್ನೆ ಬದಲಾಗತ್ತೆ, ವೈ ಹಾಗೇ: (-1, 1), (-4, 1), (-1, 3). ವೈ ಅಕ್ಷ ಅಂದ ತಕ್ಷಣ ವೈಗೆ ಮೈನಸ್ ಹಾಕೋ ಮಕ್ಕಳು ತುಂಬಾ. ಮಗುಚಿದಾಗ ಎತ್ತರ ಬದಲಾಯ್ತಾ ಅಂತ ಕೇಳಿ, ಅವ್ರೇ ತಿದ್ಕೊಳ್ತಾರೆ.

ತಿರುಗಿಸೋದಕ್ಕೆ ಸೂತ್ರ ಬಾಯಿಪಾಠ ಬೇಡ, (1, 0) ಮತ್ತೆ (0, 1) ಅನ್ನೋ ಎರಡು ಬಿಂದು ಎಲ್ಲಿಗೆ ಹೋಗತ್ತೆ ಅಂತ ನೋಡಿ ಸಾಕು. ಮೂಲಬಿಂದುಲಿ, ಅಂದ್ರೆ (0, 0) ಇರೋ ಜಾಗದಲ್ಲಿ, ಪಿನ್ನು ಇದೆ ಅನ್ಕೊಂಡು ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿದ್ರೆ (1, 0) ಮೇಲೆದ್ದು (0, 1) ಆಗತ್ತೆ, (0, 1) ಎಡಕ್ಕೆ ಮಲಗಿ (-1, 0) ಆಗತ್ತೆ. ಅಂದ್ರೆ ಬಲಕ್ಕಿದ್ದಿದ್ದು ಮೇಲಕ್ಕೆ, ಮೇಲಕ್ಕಿದ್ದಿದ್ದು ಎಡಕ್ಕೆ. ಆದ್ದರಿಂದ ಹಳೇ ಎಕ್ಸ್ ಹೊಸ ವೈ ಆಯ್ತು, ಹಳೇ ವೈ ಮೈನಸ್ ಆಗಿ ಹೊಸ ಎಕ್ಸ್ ಆಯ್ತು. ಮೈನಸ್ ಯಾವುದಕ್ಕೆ ಅನ್ನೋ ಗೋಳು ಇಲ್ಲಿಗೆ ಮುಗೀತು. ನಮ್ಮ ತ್ರಿಭುಜ (-1, 1), (-1, 4), (-3, 1) ಆಗತ್ತೆ. 180 ಡಿಗ್ರಿ ಅಂದ್ರೆ ಎರಡಕ್ಕೂ ಮೈನಸ್.

ಇಲ್ಲಿ ಸ್ವಲ್ಪ ನಿಲ್ಲಿ. ಮಗುಚಿದ್ದು, ತಿರುಗಿಸಿದ್ದು, ಎರಡರಲ್ಲೂ ಎ ಅನ್ನೋ ಬಿಂದು (-1, 1)ಕ್ಕೇ ಹೋಗಿದೆ, ಎರಡು ತ್ರಿಭುಜನೂ ಒಂದರ ಮೇಲೊಂದು ಸ್ವಲ್ಪ ಬಿದ್ದು ಒಂದೇ ಕಾಲುಭಾಗದಲ್ಲಿ ಕೂತಿದೆ. ಬೇರೆ ಮಾಡೋದು ಹೇಗೆ? ಮೂಲ ತ್ರಿಭುಜದಲ್ಲಿ ಎ, ಬಿ, ಸಿ ಅಂತ ಬೆರಳಾಡಿಸಿ, ಅಪ್ರದಕ್ಷಿಣವಾಗಿ ಹೋಗತ್ತೆ. ತಿರುಗಿಸಿದ್ದರಲ್ಲೂ ಅಪ್ರದಕ್ಷಿಣ. ಮಗುಚಿದ್ದರಲ್ಲಿ ಮಾತ್ರ ಬೆರಳು ಪ್ರದಕ್ಷಿಣವಾಗಿ ಹೋಗತ್ತೆ. ಮಾವಿನಕಾಯಿ ತುದಿ ಬಾಗೋದು, ಎಡಗೈ ತೋಳು, ಎಲ್ಲಾ ಇದೇ.

ಹಿಗ್ಗಿಸೋದು, ಮೂಲಬಿಂದುವಿಂದ ಎರಡು ಪಟ್ಟು: (2, 2), (8, 2), (2, 6). ಬಾಹು 6 ಮತ್ತೆ 4, ವಿಸ್ತೀರ್ಣ 12, ಅಂದ್ರೆ ನಾಲ್ಕು ಪಟ್ಟು. ಎ ಇದ್ದಲ್ಲೇ ಇರುತ್ತೆ ಅಂತ ತುಂಬಾ ಜನ ಅನ್ಕೊಳ್ತಾರೆ, ಪಿನ್ನು ಇರೋದು ಮೂಲಬಿಂದುಲಿ, ಎ ಹತ್ರ ಅಲ್ಲ, ಹಾಗಾಗಿ ಅದೂ ಸರಿಯತ್ತೆ. ಎ ಅಲ್ಲೇ ಇರ್ಬೇಕು ಅಂದ್ರೆ ಪಿನ್ನನ್ನ ಎ ಹತ್ರ ಚುಚ್ಚಿ, ಆಗ ಬಿ (7, 1), ಸಿ (1, 5).

ಪಿನ್ನು ಮೂಲಬಿಂದುಲಿ ಇಲ್ದೇ ಇದ್ದಾಗ ಮಾಡೋ ಕ್ರಮ ಯಾವಾಗ್ಲೂ ಒಂದೇ: ಮೊದ್ಲು ಪಿನ್ನಿಂದ ಎಷ್ಟು ದೂರ ಅಂತ ಅಳೀರಿ, ಆ ದೂರನ ತಿರುಗಿಸಿ ಇಲ್ಲಾ ಹಿಗ್ಗಿಸಿ, ಆಮೇಲೆ ಪಿನ್ನಿಗೆ ವಾಪಸ್ ಕೂಡಿಸಿ. ಎ ಸುತ್ತ ಬಿ ಬಿಂದುನ 90 ಡಿಗ್ರಿ ತಿರುಗಿಸ್ಬೇಕು ಅಂದ್ರೆ, ಎ ಯಿಂದ ಬಿ ಗೆ (3, 0), ತಿರುಗಿಸಿದ್ರೆ (0, 3), ಎ ಗೆ ಕೂಡಿಸಿದ್ರೆ (1, 4).

ಒಂದಾದ್ಮೇಲೆ ಒಂದು ಮಾಡೋವಾಗ

ಕ್ರಮ ಬದಲಾದ್ರೆ ಉತ್ತರ ಬದಲಾಗತ್ತೆ, ಇದನ್ನ ಒಂದೇ ಬಿಂದು ಇಟ್ಕೊಂಡು ತೋರಿಸಿ. (1, 1)ನ ಬಲಕ್ಕೆ 3 ಸರಿಸಿ ಆಮೇಲೆ ಮೂಲಬಿಂದು ಸುತ್ತ 90 ತಿರುಗಿಸಿದ್ರೆ (4, 1) ಆಗಿ (-1, 4). ಮೊದ್ಲು ತಿರುಗಿಸಿ ಆಮೇಲೆ ಸರಿಸಿದ್ರೆ (-1, 1) ಆಗಿ (2, 1). ಮನೆಯಿಂದ ಮೂರು ಹೆಜ್ಜೆ ನಡೆದು ಎಡಕ್ಕೆ ತಿರುಗೋದಕ್ಕೂ ಎಡಕ್ಕೆ ತಿರುಗಿ ಮೂರು ಹೆಜ್ಜೆ ನಡೆಯೋದಕ್ಕೂ ಇರೋ ವ್ಯತ್ಯಾಸದ ಥರಾನೇ, ಅಂಗಳದಲ್ಲಿ ನಡೆಸಿಯೇ ತೋರಿಸ್ಬಹುದು.

ನನಗೆ ಇಡೀ ಪಾಠದಲ್ಲಿ ತುಂಬಾ ಇಷ್ಟ ಆಗೋದು ಎರಡು ಕನ್ನಡಿ ವಿಷಯ. ಎರಡು ಸಮಾಂತರ ಗೆರೆಗಳಲ್ಲಿ ಒಂದಾದ್ಮೇಲೆ ಒಂದು ಮಗುಚಿದ್ರೆ ಬರೋದು ಬರೀ ಸರಿಸೋದು, ಗೆರೆಗಳ ನಡುವಿನ ದೂರದ ಎರಡು ಪಟ್ಟು. ಎರಡು ಗೆರೆ ಒಂದನ್ನೊಂದು ಕತ್ತರಿಸೋ ಹಾಗಿದ್ರೆ ಬರೋದು ತಿರುಗಿಸೋದು, ಗೆರೆಗಳ ನಡುವಿನ ಕೋನದ ಎರಡು ಪಟ್ಟು. ವೈ ಅಕ್ಷದಲ್ಲಿ ಮಗುಚಿ ಎಕ್ಸ್ ಅಕ್ಷದಲ್ಲಿ ಮಗುಚಿ ನೋಡಿ, ಎರಡಕ್ಕೂ ಮೈನಸ್ ಬಂತು, ಅಂದ್ರೆ 180 ಡಿಗ್ರಿ. ಮಗುಚೋದೊಂದು ಗೊತ್ತಿದ್ರೆ ಸರಿಸೋದೂ ತಿರುಗಿಸೋದೂ ಅದರೊಳಗೇ ಇದೆ. ಫೆಲಿಕ್ಸ್ ಕ್ಲೈನ್ ಅನ್ನೋ ಜರ್ಮನ್ ಗಣಿತಜ್ಞ 1872ರಲ್ಲೇ, ರೇಖಾಗಣಿತ ಅಂದ್ರೆ ಹೀಗೆ ಬದಲಾಯಿಸಿದಾಗ ಬದಲಾಗದೇ ಉಳಿಯೋ ಗುಣಗಳನ್ನ ಓದೋದು ಅನ್ನೋ ದೃಷ್ಟಿ ಮುಂದಿಟ್ಟಿದ್ರು. ನಾವು ಬಟರ್ ಪೇಪರ್ ಹಿಡ್ಕೊಂಡು ಯಾವುದು ಅಲ್ಲಾಡ್ಲಿಲ್ಲ ಅಂತ ಕೇಳ್ತಿರೋದೂ ಆ ದಾರಿಯದ್ದೇ ಪ್ರಶ್ನೆ.

ಕಂಪ್ಯೂಟರ್ ಇರೋರು ಜಿಯೋಜೀಬ್ರಾ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಇದನ್ನೆಲ್ಲ ಮಾಡ್ಬಹುದು, ಆಕೃತಿ ಎಳೆದಾಡಿದ ಹಾಗೆ ಪ್ರತಿಬಿಂಬನೂ ಜೊತೆಗೇ ಓಡಾಡತ್ತೆ, ನೋಡೋಕೆ ಚೆಂದ. ಆದ್ರೆ ಕೈಯಲ್ಲಿ ಒಂದು ಸಲ ಮಾಡಿದ್ಮೇಲೆ ತೋರಿಸಿ.

ಕೊನೆ ಹೆಜ್ಜೆ, ಉಲ್ಟಾ ಕೇಳೋದು

ಎರಡು ಮಾವಿನಕಾಯಿ ಚಿತ್ರ ಕೊಟ್ಟು, ಇದು ಅದು ಹೇಗಾಯ್ತು ಹೇಳು ಅಂತ ಕೇಳಿ. ಮೊದ್ಲು ಗಾತ್ರ ನೋಡ್ಬೇಕು, ಬೇರೆ ಇದ್ರೆ ಹಿಗ್ಗಿಸಿದ್ದೋ ಕುಗ್ಗಿಸಿದ್ದೋ. ಗಾತ್ರ ಒಂದೇ ಆದ್ರೆ ತುದಿ ಬಾಗಿರೋ ಕಡೆ ನೋಡ್ಬೇಕು, ಬದಲಾಗಿದ್ರೆ ಎಲ್ಲೋ ಮಗುಚಿದ್ದಾರೆ (ಒದ್ದೆ ನೆಲದ ಮೇಲಿನ ಹೆಜ್ಜೆ ಗುರುತಿನ ಥರ ಮಗುಚಿ ಸರಿಸಿರಲೂಬಹುದು). ಬದಲಾಗಿಲ್ಲ, ಓರೆಯೂ ಇಲ್ಲ ಅಂದ್ರೆ ಸರಿಸಿದ್ದು. ಓರೆ ಆಗಿದ್ರೆ ತಿರುಗಿಸಿದ್ದು, ಆಗ ಪಿನ್ನು ಎಲ್ಲಿ ಚುಚ್ಚಿದ್ರು ಅಂತ ಹುಡುಕ್ಬೇಕು.

ಹುಡುಕೋದು ಹೀಗೆ. ಎರಡು ಚಿತ್ರನೂ ಒಂದೇ ಬಟರ್ ಪೇಪರ್ ಮೇಲೆ ತಿದ್ಕೊಳ್ಳಿ. ಹಳೇ ತುದಿ ಹೊಸ ತುದಿ ಮೇಲೆ ಬೀಳೋ ಹಾಗೆ ಪೇಪರ್ ಮಡಚಿ ಉಗುರಲ್ಲಿ ಒತ್ತಿ ಬಿಚ್ಚಿ. ಆ ಮಡಿಕೆ ಎರಡು ತುದಿಗಳ ಲಂಬಾರ್ಧಕ, ಎರಡಕ್ಕೂ ಸಮದೂರ ಇರೋ ಬಿಂದುಗಳೆಲ್ಲ ಅದರ ಮೇಲೇ ಇರತ್ತೆ, ಪಿನ್ನೂ ಅದರ ಮೇಲೇ ಎಲ್ಲೋ ಇರ್ಬೇಕು. ಈಗ ಹಳೇ ಬುಡ ಹೊಸ ಬುಡದ ಮೇಲೆ ಬೀಳೋ ಹಾಗೆ ಇನ್ನೊಂದು ಸಲ ಮಡಚಿ. ಎರಡು ಮಡಿಕೆ ಕೂಡೋ ಜಾಗದಲ್ಲಿ ಗುಂಡುಪಿನ್ನು ಚುಚ್ಚಿ, ಮೇಲೆ ಇನ್ನೊಂದು ಬಟರ್ ಪೇಪರ್ ಇಟ್ಟು ಹಳೇ ಮಾವಿನಕಾಯಿ ತಿದ್ದಿ, ಮೆಲ್ಲಗೆ ತಿರುಗಿಸಿ. ಸರಿಯಾಗಿ ಮಡಚಿದ್ರೆ ಅದು ಹೋಗಿ ಹೊಸದರ ಮೇಲೆ ಗೆರೆಗೆ ಗೆರೆ ಕೂತ್ಕೊಳ್ಳತ್ತೆ.